ಮಾವ ಕೊಟ್ಟ ರೇಡಿಯೋಗೆ ಎಣ್ಣೆನೀರು

ತಿಪಟೂರಲ್ಲಿ ಹಳೇ ವಾಲ್ವ್ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡವಳಿಗೆ ನಗೋದಕ್ಕೆ ಬೇರೆಲ್ಲೂ ಹೋಗೋ ಕೆಲಸವಿಲ್ಲ. ಬಾಗಿಲು ತೆಗೆದು ಕಸ ಗುಡಿಸೋದರೊಳಗೆ ಯಾರಾದರೂ ಒಬ್ಬರು ನಗು ಹೊತ್ತುಕೊಂಡು ಬಂದೇ ಬರ್ತಾರೆ. ಈ ಕೆಲಸ ಕಲಿಸಿಹೋದ ನಮ್ಮಪ್ಪನನ್ನು ದಿನಾ ನೆನೆಸ್ಕೋತೀನಿ. ಅನ್ನಕ್ಕೆ ದಾರಿ ಮಾಡಿದ್ದಷ್ಟೇ ಅಲ್ಲ, ಇಂಥ ಜನಾನೂ ಕೊಟ್ಟುಹೋದ. ಹೋದ ಬೇಸಿಗೇಲಿ ಮಾಯಸಂದ್ರದ ಕಡೆಯಿಂದ ಬಂದ ಒಬ್ಬ ತೋಟದ ಯಜಮಾನರ ವಿಷಯಾನೇ ಕೇಳಿ.

ಗಿಟುಕಾಗೈತೆ

ನಮ್ಮ ಕಡೆ ತೆಂಗಿನಕಾಯಿ ಅಟ್ಟದ ಮೇಲೆ ಒಣಗ್ತದೆ. ಆಗಾಗ ಒಂದನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತಾರೆ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಅಂದರೆ ಗಿಟುಕಾಯ್ತು ಅಂತ ಲೆಕ್ಕ.

ಯಜಮಾನರು ಗೋಣಿಚೀಲದಿಂದ ರೇಡಿಯೋ ತೆಗೆದರು. ಒಳ್ಳೇ ಕಲ್ಲುಭಾರದ್ದು. ಅದನ್ನ ಎರಡೂ ಕೈಯಲ್ಲಿ ಎತ್ತಿ, ಕಿವಿಗೆ ಹಿಡಿದು, ಅಲ್ಲಾಡಿಸಿದರು. ಒಳಗೆ ಯಾವುದೋ ಸ್ಕ್ರೂ ಲೊಡಲೊಡ ಅಂತು. ಗಿಟುಕಾಗೈತೆ ಕಣಮ್ಮ ಅಂತ ಗಂಭೀರವಾಗಿ ಹೇಳಿದರು. ದಯವಿಟ್ಟು ಕೆಳಗಿಡಿ ಅಂದೆ. ಇಟ್ಟು, ರಿಪೇರಿ ಮಾಡೋರು ಎಲ್ಲಿ ಅಂತ ಕೇಳಿದರು. ನಾನೇ ಅಂದೆ. ಮೇಲಿಂದ ಕೆಳಗಿನವರೆಗೂ ಒಂದು ಸಲ ನೋಡಿದರು. ನನ್ನನ್ನೂ ಅಲ್ಲಾಡಿಸಿ ನೋಡ್ತಾರೇನೋ ಅಂತ ನಾನು ಮೇಜಿನ ಹಿಂದಕ್ಕೆ ಸರಿದುಕೊಂಡೆ.

ಊಟಕ್ಕೆ ಕರೆದದ್ದು ಯಾರನ್ನ

ಹಿಂದಿನ ಹಲಗೆ ಬಿಚ್ಚಿದರೆ ಇರುವೆ ಸಾಲು. ಸ್ಟೇಷನ್ ಹಿಡಿಯೋ ಟ್ಯೂನರಲ್ಲಿ ತೆಳ್ಳಗಿನ ತಗಡುಗಳು ಒಂದರ ಸಂದಿಗೆ ಒಂದು ತಾಗದ ಹಾಗೆ ಸುತ್ತಬೇಕು. ಆ ಸಂದಿಯೆಲ್ಲಾ ಎಣ್ಣೆ.

ಸ್ಟೇಷನ್ ಬದಲಾಯಿಸೋ ತಿರುಪು ಬಿಗಿಯಾಗಿತ್ತಂತೆ. ಪಾಪ ಅಂತ ಸ್ವಂತ ತೋಟದ ಕೊಬ್ಬರಿ ಎಣ್ಣೆ ಸುರಿದರಂತೆ. ಅವತ್ತೇ ರೇಡಿಯೋ ಬಾಯಿ ಮುಚ್ಚಿಕೊಂಡಿತು. ಅದು ಮದುವೇಲಿ ಅವರ ಮಾವ ಕೊಟ್ಟದ್ದು. ರೇಡಿಯೋ ಜೊತೆಗೇ ಹೆಂಡತಿಯ ಮಾತೂ ನಿಂತುಹೋಯ್ತು. ಹೇಳೋದೇನಿದ್ದರೂ ಆಯಮ್ಮ ಎಮ್ಮೆಗೆ ಹೇಳ್ತಾರೆ, ಇವರು ಕೇಳಿಸ್ಕೋಬೇಕು.

"ರೇಡಿಯೋ ಮಾತಾಡದಿದ್ರೆ ಹೋಗ್ಲಿ ಕಣಮ್ಮ, ಅವಳು ಮಾತಾಡಂಗೆ ಮಾಡ್ಕೊಡಿ" ಅಂದರು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು, "ಮೊನ್ನೆ ಕೊಟ್ಟಿಗೇಲಿ ನಿಂತು ಊಟಕ್ಕೆ ಬಾ ಅಂದ್ಲು. ಯಾರಿಗೆ ಅಂತ ಗೊತ್ತಾಗದೆ ನಾನೂ ಹೋದೆ, ಎಮ್ಮೇನೂ ಬಂತು."

ಚಿಪ್ಪು ಅದೇ ಇರಲಿ

ರೋಗ ಎಣ್ಣೆಯದಲ್ಲ. ಒಳಗಿದ್ದ ಕಾಗದದ ಕಂಡೆನ್ಸರುಗಳಿಗೆ ವಯಸ್ಸಾಗಿತ್ತು. ಕರೆಂಟು ಹಿಡಿದಿಟ್ಟುಕೊಳ್ಳಬೇಕಾದವು ಸೋರ್ತಿದ್ದವು. ಹಂಗಂತ ಹೇಳಿದೆ. ಸಮಾಧಾನಕ್ಕೆ ಹೇಳ್ತೀರ ಬುಡಿ ಅಂದರು. ಅವೆಲ್ಲಾ ಬದಲಾಯಿಸಬೇಕು ಅಂದಾಗ ಮಾತ್ರ ಗಾಬರಿಯಾದರು. ನಮ್ಮಪ್ಪ ಕೊಟ್ಟಿದ್ದನ್ನ ಕಿತ್ತು ಬಿಸಾಕಿಸಿದ್ರಾ ಅಂತ ಆಯಮ್ಮ ಎಮ್ಮೆಯ ಹತ್ತಿರಾನೂ ಮಾತು ಬಿಟ್ಟರೆ ಅನ್ನೋ ಭಯ ಅವರಿಗೆ.

"ಚಿಪ್ಪು ಅದೇ ಇರ್ಲಿ, ಒಳಗಿನ ಕೊಬ್ಬರಿ ಮಾತ್ರ ಬದಲಾಯಿಸ್ಬುಡಿ" ಅಂದರು.

ನಮ್ಮಪ್ಪ ಮಾಡ್ತಿದ್ದದ್ದೂ ಅದೇ. ಹಳೇ ಕಂಡೆನ್ಸರಿನ ಕಾಗದದ ಕೊಳವೆಯ ಹೊಟ್ಟೆ ಬಗೆದು, ಪುಟ್ಟದೊಂದು ಹೊಸ ಕಂಡೆನ್ಸರ್ ಒಳಗಿಟ್ಟು, ಮೇಣ ಸುರಿದು ಮುಚ್ಚೋದು. ನಾನೂ ಹಂಗೇ ಮಾಡುತ್ತಾ ಕೂತೆ. ಒಂದೊಂದು ಮುಚ್ಚಿದ ಹಾಗೆಲ್ಲಾ ಯಜಮಾನರು ಅದನ್ನ ಕಿವಿಗೆ ಹಿಡಿದು ಅಲ್ಲಾಡಿಸಿ ಪಾಸು ಮಾಡಿದರು. ಟ್ಯೂನರನ್ನ ಸ್ಪಿರಿಟಲ್ಲಿ ತೊಳೆದೆ. ಕೊಬ್ಬರಿ ಎಣ್ಣೆ ಹೋದರೆ ಕೆಳಗೆ ಅಂಟಂಟಾಗಿ ಇನ್ನೊಂದು ಎಣ್ಣೆ. ಮೂಸಿದೆ, ಹರಳೆಣ್ಣೆ. ಮೊದಲೇ ನೊಂದಿರೋ ಮನುಷ್ಯ, ಇದನ್ನೂ ಯಾಕೆ ಕೇಳೋದು ಅಂತ ಸುಮ್ಮನಾದೆ.

ಸಂಜೆ ಹೊತ್ತಿಗೆ ವಾಲ್ವುಗಳು ಕೆಂಪಗಾದವು. ಬೆಂಗಳೂರು ಸ್ಟೇಷನ್ನು ಗಂಟೆ ಹೊಡೆದ ಹಾಗೆ ಬಂತು. ವಾರ್ತೆ ಓದೋರು ನಮಸ್ಕಾರ ಅಂದರು. ಯಜಮಾನರು ಎದ್ದು ನಿಂತು, ಹೆಗಲ ಮೇಲಿನ ಟವಲ್ ತೆಗೆದು, ರೇಡಿಯೋಗೆ ತಿರುಗಿ ನಮಸ್ಕಾರ ಹೇಳಿದರು.

ಆಯಮ್ಮ ಬಾಯಿ ಬಿಟ್ಟದ್ದು

ವಾರ ಕಳೆದು ಒಂದು ಆಟೋ ಬಂದು ನಿಂತಿತು. ಯಜಮಾನರು ಅದರೊಳಗೇ ಕೂತಿದ್ದರು, ಮುಖ ಬಾಡಿತ್ತು. ರೇಡಿಯೋ ಹಾಡ್ತಿದ್ದರೂ ಹೆಂಡತಿ ಇನ್ನೂ ಮಾತಾಡಿಲ್ಲ ಅಂತ ನೋಡಿದರೇ ಗೊತ್ತಾಗ್ತಿತ್ತು. ಆಯಮ್ಮ ಇಳಿದು ಒಳಗೆ ಬಂದರು. ಎಳನೀರು, ಒಬ್ಬಟ್ಟು ಮೇಜಿನ ಮೇಲಿಟ್ಟರು. ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ಕೇಳಿದರು, "ಹರಳೆಣ್ಣೆ ವಿಷಯ ಅವರಿಗೆ ಹೇಳ್ಬುಟ್ರಾ?"

ನಾನು ದಂಗಾದೆ. ಯಜಮಾನರಿಗಿಂತ ಮುಂಚೆಯೇ, ತಿರುಪು ಬಿಗಿಯಾಯ್ತು ಅಂತ, ಕೂಸಿನ ನೆತ್ತಿಗೆ ಹಚ್ಚೋ ಹರಳೆಣ್ಣೆಯನ್ನ ಆಯಮ್ಮ ಹಾಕಿದ್ದರಂತೆ. ಆಮೇಲೆ ರೇಡಿಯೋ ನಿಂತಾಗ ಗಂಡ ತಪ್ಪೆಲ್ಲಾ ತನ್ನ ಮೇಲೆ ಹಾಕ್ಕೊಂಡು ಕೂತರು.

"ನಂಗೇನೂ ಕೋಪ ಇಲ್ಲ ಕಣಮ್ಮ. ಬಾಯ್ ಬುಟ್ರೆ ನಿಜ ಬಂದ್ಬುಡ್ತದೆ ಅಂತ ಬಾಯೇ ಬುಟ್ಟಿಲ್ಲ."

ನಗುನೂ ಬಂತು, ಅಳುನೂ ಬಂತು. ಇಂಥ ಗಂಡ ಹೆಂಡಿರು ನನ್ನ ಅಂಗಡಿ ಮೆಟ್ಟಿಲು ಹತ್ತೋದೇ ನನ್ನ ಪುಣ್ಯ. ಯಾವ ಎಣ್ಣೆಯದೂ ತಪ್ಪಿಲ್ಲ ತಾಯಿ, ಅದಕ್ಕೆ ವಯಸ್ಸಾಗಿತ್ತು ಅಷ್ಟೇ ಅಂದೆ.

ಆಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಹಂಗಾದ್ರೆ ಇಷ್ಟು ದಿನ ಸುಮ್‌ಸುಮ್ನೆ ಬಾಯ್ ಮುಚ್ಕೊಂಡಿದ್ನಾ?" ಅಂದವರೇ ಹೊರಟರು. ಮೆಟ್ಟಿಲ ಮೇಲಿಂದಲೇ ಶುರು. ಹರಳೆಣ್ಣೆಯಿಂದ ಹಿಡಿದು, ಪಕ್ಕದ ತೋಟದ ಬೋರು, ನಾದಿನಿ ಮಗಳ ಸೀಮಂತ, ಕೂಡಿಟ್ಟಿದ್ದೆಲ್ಲಾ ಬಂತು. ಆಟೋ ತಿರುಗುವಾಗ ಯಜಮಾನರು ತಲೆ ಹೊರಗೆ ಹಾಕಿ ಕೈ ಮುಗಿದರು. ಮುಖವೆಲ್ಲಾ ನಗು.

ಸಂಜೆ ಯಜಮಾನರ ಫೋನು ಬಂತು. "ನಿಮ್ಮ ಹೊಟ್ಟೆ ತಣ್ಣಗಿರ್ಲಿ ಕಣಮ್ಮ, ಎಲ್ಲಾ ಸರಿಹೋಯ್ತು. ಎಮ್ಮೆ ಮಾತ್ರ ಹುಲ್ಲು ಮುಟ್ತಾ ಇಲ್ಲ. ನಿಮ್ಮಂಗಡಿಯಿಂದ ಬಂದಾಗಿಂದ ಅದನ್ನ ಯಾರೂ ಮಾತಾಡ್ಸಿಲ್ಲ."