ಕುದುರೆಯ ಅಪ್ಪ ಯಾರು?

ಕುದುರೆ ರೇಸಿನ ಗೀಳು ಹತ್ತಿದವನನ್ನು ರೇಸ್ ಕೋರ್ಸೇ ಇಲ್ಲದ ಊರಿಗೆ ವರ್ಗ ಮಾಡಿದರೂ ಫಜೀತಿಗಳು ಅವನನ್ನು ಹುಡುಕಿಕೊಂಡು ಬರುತ್ತವೆ. ಮೈಸೂರಿನವನಾದ ನಾನು ಬ್ಯಾಂಕ್ ಕೆಲಸದ ಮೇಲೆ ವಡೋದರಕ್ಕೆ ಬಂದು ಇಲ್ಲೇ ಬೇರು ಬಿಟ್ಟೆ, ಗೀಳು ಬಿಡಲಿಲ್ಲ. ಓಡುವ ಕುದುರೆಯನ್ನು ನಾನು ನೋಡುವುದಿಲ್ಲ, ಅದರ ಅಪ್ಪನನ್ನು ನೋಡುತ್ತೇನೆ. ಅವನಿಗೆ ಹುಟ್ಟಿದವು ಎಷ್ಟು ಗೆದ್ದಿವೆ, ದೂರದ ಓಟದಲ್ಲೋ, ಒದ್ದೆ ನೆಲದಲ್ಲೋ ಎಂದು ಮೊಬೈಲಿನಲ್ಲಿ ಅಂಕಿಅಂಶ ತೆಗೆದು, ಇವತ್ತು ಗೆಲ್ಲುವುದು ಯಾವುದೆಂದು ಹೇಳುತ್ತೇನೆ. ಹೇಳುವುದಷ್ಟೇ. ದುಡ್ಡು ಕಟ್ಟುವುದಿಲ್ಲವೆಂದು ಮದುವೆಯಾದ ಹೊಸದರಲ್ಲೇ ಹೆಂಡತಿ ಆಣೆ ಮಾಡಿಸಿಕೊಂಡಿದ್ದಾಳೆ.

ಮೊದಲ ಓಟ

ಮಕರಪುರ ಶಾಖೆಯಲ್ಲಿ ನಮ್ಮ ಮ್ಯಾನೇಜರು ಗುಜರಾತಿನವರು. ಊಟದ ಹೊತ್ತಿಗೆ ಅವರಿಗೆ ಒಂದು ಕುದುರೆ ತೋರಿಸಿದೆ. "ಇದಕ್ಕೆ ಇದೇ ಮೊದಲ ಓಟ ಸಾರ್. ಆದರೆ ಇದರಪ್ಪನ ಮಕ್ಕಳು ಮೊದಲ ಓಟದಲ್ಲೇ ಗೆಲ್ತವೆ."

ಅದು ಎಲ್ಲಕ್ಕಿಂತ ಕೊನೆಗೆ ಬಂತು. ಮ್ಯಾನೇಜರು ಮಜ್ಜಿಗೆ ಕುಡಿದು ಮುಗಿಸಿ ಕೇಳಿದರು, "ಪಾಪ, ಅವರಪ್ಪನಿಗೆ ವಿಷಯ ತಿಳಿಸಿದಿರಾ?"

ಗಣಿತದ ಪೇಪರು

ಮಗ ಹನ್ನೊಂದನೇ ಕ್ಲಾಸಿನಲ್ಲಿ ಗಣಿತದಲ್ಲಿ ಮಣ್ಣು ಮುಕ್ಕಿ ಬಂದ. ನಾನು ಸೂರು ಹಾರಿಹೋಗುವ ಹಾಗೆ ಕೂಗಾಡಿದೆ. ಹೆಂಡತಿ ಚಪಾತಿ ಲಟ್ಟಿಸುತ್ತಲೇ ಹೇಳಿದಳು, "ರೀ, ನಿಮ್ಮ ಲೆಕ್ಕದ ಪ್ರಕಾರ ಬೈಸಿಕೊಳ್ಳಬೇಕಾದವರು ಯಾರು?"

ಸೂರತ್ತಿನ ಬೀಗರು

ಅದೇ ಮಗ ಬೆಳೆದು, ಕೆಲಸ ಹಿಡಿದು, ಸೂರತ್ತಿನ ಸೀರೆ ವ್ಯಾಪಾರಿಯ ಮಗಳನ್ನು ಮೆಚ್ಚಿದ. ಹುಡುಗಿಯ ತಂದೆಗೆ ಹುಡುಗ ಒಪ್ಪಿಗೆ. ಅನುಮಾನವೆಲ್ಲ ಹುಡುಗನ ಅಪ್ಪನ ಮೇಲೆ, ಅಂದರೆ ನನ್ನ ಮೇಲೆ. ರೇಸಿನವನಂತೆ ಎಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು.

ಮಾತಾಡಲು ನಾವು ಮೂವರೂ ಹೋದೆವು. ಮಗನ ಮುಖದಲ್ಲಿ ರಕ್ತವಿರಲಿಲ್ಲ. ನನ್ನಿಂದ ಈ ಸಂಬಂಧ ಮುರಿದರೆ ಅವನ ಮುಖ ಹೇಗೆ ನೋಡಲಿ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಹುಡುಗಿಯ ತಂದೆ ಸೇಠರು ನೇರವಾಗಿಯೇ ಕೇಳಿದರು. "ಅಪ್ಪನನ್ನು ನೋಡಿ ಮಗನನ್ನು ಅಳೆಯೋದು ನಿಮ್ಮ ಪದ್ಧತಿಯಂತೆ. ಹಾಗಾದರೆ ನಾನೂ ನಿಮ್ಮನ್ನೇ ನೋಡಬೇಕಲ್ಲ?"

ಅಡಕತ್ತರಿಯಲ್ಲಿ ಸಿಕ್ಕಿಬಿದ್ದೆ. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. "ಸೇಠ್‌ಜಿ, ಆ ಪದ್ಧತಿಯಿಂದ ನಾನು ಹೇಳಿದ ಕುದುರೆ ಇವತ್ತಿನವರೆಗೆ ಒಂದೂ ಗೆದ್ದಿಲ್ಲ."

"ಎಷ್ಟು ಕಳೆದುಕೊಂಡಿರಿ?"

"ಏನೂ ಇಲ್ಲ. ದುಡ್ಡೇ ಕಟ್ಟಿಲ್ಲ."

ಸೇಠರು ತಮ್ಮ ಹೆಂಡತಿಯತ್ತ ತಿರುಗಿ, "ಕೇಳಿದೆಯಾ? ಜೀವನವೆಲ್ಲ ಸೋತರೂ ಪೈಸೆ ಕಳೆದುಕೊಂಡಿಲ್ಲ. ಇಂಥ ಅಪ್ಪನ ಮಗ ಇನ್ನೆಲ್ಲಿ ಸಿಗ್ತಾನೆ, ತರಿಸು ಸ್ವೀಟು," ಎಂದರು. ಮಗ ಬಿಟ್ಟ ಉಸಿರು ನನಗೂ ಕೇಳಿಸಿತು. ಎದೆಯ ಮೇಲಿನ ಚಪ್ಪಡಿ ಇಳಿದಂತಾಗಿ ನಾನು ತುಪ್ಪ ಸುರಿಯುವ ಸೂರತ್ತಿನ ಸಿಹಿ, ಘಾರಿಯ ಮೇಲೆ ಘಾರಿ ತಿಂದೆ.

ವಾಪಸು ರೈಲಿನಲ್ಲಿ ಹಿಗ್ಗು ತಡೆಯದೆ ಹೆಂಡತಿಗೆ ಹೇಳಿದೆ, "ನೋಡಿದೆಯಾ, ಕೊನೆಗೂ ಅಪ್ಪನ ದಾಖಲೆಯೇ ಗೆದ್ದಿತು."

ಅವಳು ಕಿಟಕಿಯಿಂದ ಮುಖ ತಿರುಗಿಸದೆ ಕೇಳಿದಳು, "ದುಡ್ಡು ಕಟ್ಟಬೇಡಿ ಅಂತ ಆಣೆ ಹಾಕಿಸಿದ್ದು ಯಾರು? ನಿಮ್ಮ ಅಂಕಿಅಂಶದಲ್ಲಿ ಕುದುರೆಗಳಿಗೆ ತಾಯಿ ಅಂತ ಇರೋದೇ ಇಲ್ವಾ?"