ಮೇಲಿನ ಕೋಣೆಗೆ ಗುರುಬಾಯಿಯ ಸೋಫಾ

ನಮ್ಮ ಮನೆಯಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ ಎಂದು ನಾನು ಬಹಳ ಕಾಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವನು. ತೋರಿಸುವಂಥದ್ದೂ ಏನೂ ಇಲ್ಲ ಎಂಬುದು ಗೊತ್ತಾದದ್ದು ಅದರ ಫೋಟೋ ತೆಗೆಯಲು ಹೋದಾಗ. ಮನೆಯೊಳಗೇ ಇರುವವನಿಗೆ ಮನೆ ಕಾಣುವುದಿಲ್ಲ. ಗೋಡೆಯ ಮೊಳೆಗೆ ನೇತುಬಿದ್ದ ಛತ್ರಿ, ಹೋದ ವರ್ಷದ ಕ್ಯಾಲೆಂಡರು, ಕಿಟಕಿಯ ಮುರಿದ ಚಿಲಕಕ್ಕೆ ಬಿಗಿದ ಪಂಚೆಯ ಅಂಚು, ಇವೆಲ್ಲ ಕಣ್ಣಿಗೆ ಅಭ್ಯಾಸವಾಗಿ ಮಾಯವಾಗಿಬಿಟ್ಟಿರುತ್ತವೆ. ಮೊಬೈಲಿನ ಕ್ಯಾಮೆರಾ ಮಾತ್ರ ಮೊದಲ ಸಲ ಬಂದ ಬೀಗರ ಹಾಗೆ ಒಂದನ್ನೂ ಬಿಡದೆ ನೋಡುತ್ತದೆ.

ನಾಚಿಕೆಯ ಮಾತೆಂದರೆ ನಾನು ಚಿತ್ರಕಲೆಯ ಮಾಸ್ತರ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂಬ ಒಂದೇ ಒಂದು ಸತ್ಯವನ್ನು ಕರಿಹಲಗೆಯ ಮೇಲೆ ರೈಲು ಹಳಿ ಬರೆದು ತೋರಿಸಿ ಇಷ್ಟು ವರ್ಷ ಸಂಬಳ ತೆಗೆದುಕೊಂಡಿದ್ದೇನೆ. ನಮ್ಮ ಚಿಂಚೋಳಿಗೆ ರೈಲು ಬಂದಿಲ್ಲವಾದ್ದರಿಂದ ಹಳಿ ಎಂದರೇನೆಂದು ವಿವರಿಸಲಿಕ್ಕೇ ಅರ್ಧ ಪಿರಿಯಡ್ ಹೋಗುತ್ತದೆ. ಎರಡು ಹಳಿ ದೂರದಲ್ಲಿ ಕೂಡಿದಂತೆ ಕಾಣುತ್ತವೆ ಎಂದು ಒಮ್ಮೆ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ವಾಡಿ ಸ್ಟೇಷನ್ನಾಗ ನಾ ನೋಡೀನ್ರಿ, ಅವು ಎಲ್ಲೂ ಕೂಡೂದಿಲ್ರಿ. ಕೂಡಿದ್ರ ರೈಲು ಬೀಳ್ತದ್ರಿ" ಎಂದಿದ್ದಳು. ಇಂಥ ಪಾಂಡಿತ್ಯವಿರುವ ನಾನು ನಮ್ಮ ಮಾಳಿಗೆಯ ಮೇಲಿನ ಕೋಣೆಯನ್ನು ಪ್ರವಾಸಿಗರಿಗೆ ಒಂದೆರಡು ದಿನದ ಬಾಡಿಗೆಗೆ ಕೊಡುವುದೆಂದು ನಿರ್ಧರಿಸಿದೆ. ಚಂದ್ರಂಪಳ್ಳಿಯ ಕೆರೆ, ಕಾಡು ನೋಡಲು ಬಂದವರು ಸಂಜೆಯಾದರೆ ಉಳಿಯಲು ಜಾಗವಿಲ್ಲದೆ ತಿರುಗಿ ಹೋಗುವುದನ್ನು ಕಂಡಿದ್ದೆ. ಬಾಡಿಗೆ ಕೋಣೆ ಹುಡುಕಿಕೊಡುವ ಮೊಬೈಲ್ ಆ್ಯಪ್‌ನಲ್ಲಿ ಕೋಣೆಯ ಹೆಸರು ಬರೆಸಿ ನಾಲ್ಕಾರು ಫೋಟೋ ತೆಗೆದು ಹಾಕಿದೆ. ಮಳೆಗಾಲ ಮುಗಿಯುತ್ತ ಬಂದರೂ ಒಬ್ಬ ನರಪಿಳ್ಳೆಯೂ ಬುಕ್ ಮಾಡಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಆ ಕೋಣೆಯ ಮೇಲೆ ಇನ್ನೊಬ್ಬರ ಕಣ್ಣಿತ್ತು. ಚಿಮ್ಮನಚೋಡದಲ್ಲಿರುವ ನನ್ನ ಹೆಂಡತಿಯ ತಮ್ಮ ಸಿದ್ದಣ್ಣ ಬಂದಾಗಲೆಲ್ಲ ಮೇಲೆ ಹೋಗಿ, ಗೋಡೆಯನ್ನು ಅಂಗೈಯಿಂದ ತಟ್ಟಿ ನೋಡಿ, "ಮಾಮಾ, ಭಾಳ ಬೆಚ್ಚಗ ಅದ. ತೊಗರಿ ಚೀಲಕ್ಕ ಹೇಳಿ ಮಾಡಿಸಿದಂಗದ" ಎನ್ನುತ್ತಿದ್ದ. ನಾನೇ ಸುಣ್ಣ ಬಳಿದು, ಬಾಗಿಲಿಗೆ ನವಿಲು ಬರೆದು, ಜೀವನದಲ್ಲಿ ಮೊದಲ ಸಲ ನನ್ನ ಬುದ್ಧಿಯಿಂದ ಮಾಡಿದ ಒಂದು ಕೆಲಸವದು. ಅವನು ಇಳಿದು ಹೋದ ಮೇಲೆ ನಾನು ಮೇಲೆ ಹೋಗಿ, ಅವನು ತಟ್ಟಿದ ಕಡೆ ಸುಣ್ಣ ಉದುರಿದೆಯೇ ಎಂದು ನೋಡಿ ಬರುತ್ತಿದ್ದೆ. ಹೆಂಡತಿ ಮಹಾದೇವಿ ಮಾತ್ರ ನ್ಯಾಯಾಧೀಶರ ಹಾಗೆ ಹೇಳಿಬಿಟ್ಟಳು: "ತೊಗರಿ ರಾಶಿ ಆಗೂತನಕ ನೋಡ್ತೀನಿ. ಅಷ್ಟ್ರಾಗ ಒಬ್ಬರರೇ ಬಂದ್ರ ಕೋಣಿ ನಿಮ್ದು. ಇಲ್ಲಂದ್ರ ಸಿದ್ದಣ್ಣಂದು."

ಹೇಳಿ ಆದ ಮೇಲೆ ಅವಳಿಗೇ ಕನಿಕರ ಬಂತೋ ಏನೋ, ಕನ್ನಡಕ ಹಾಕಿಕೊಂಡು ನನ್ನ ಫೋಟೋಗಳನ್ನು ನೋಡಿದಳು. ಎರಡು ಮಂಚ, ಒಂದು ಟ್ಯೂಬ್‌ಲೈಟು, ಅದರ ಕೆಳಗೆ ನನ್ನದೇ ಬನಿಯನ್ನು. "ಇದು ರೂಮೋ, ಜಪ್ತಿ ಮಾಡಿದ ಮನೀನೋ? ಮನ್ಯಾಗ ಹೆಣ್ಣು ನೋಡಲಿಕ್ಕೆ ಬಂದಾಗ ಹಿಂಗ ತೋರಸ್ತಾರೇನ್ರಿ ಯಾರರೇ?" ಎಂದಳು. ನನಗೆ ಆಗ ಹೊಳೆಯಿತು. ನಮ್ಮ ಓಣಿಯಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬಂದರೂ ಎದುರು ಮನೆಯ ಗುರುಬಾಯಿಯ ಸೋಫಾ ಹೊತ್ತು ತರುತ್ತಾರೆ. ಅದು ಆಕೆಯ ಸೊಸೆಯ ಜೊತೆ ಬಂದದ್ದು. ಪ್ಲಾಸ್ಟಿಕ್ ಹೊದಿಕೆಯನ್ನು ಇಂದಿಗೂ ತೆಗೆದಿಲ್ಲ. "ನಮ್ಮ ಸೋಫಾದ ಮ್ಯಾಲ ಕುಂತು ಹೆಣ್ಣು ನೋಡಿದವ್ರು ಒಬ್ಬರೂ ಒಲ್ಲೆ ಅಂದಿಲ್ಲ" ಎಂಬುದು ಗುರುಬಾಯಿಯ ಹೆಗ್ಗಳಿಕೆ. ಹುಡುಗಿಯ ಓದು, ಹುಡುಗನ ನೌಕರಿ ಇವೆಲ್ಲ ಆಕೆಯ ಲೆಕ್ಕದಲ್ಲಿ ಆಮೇಲಿನ ಮಾತು.

ಹಾಗೆ ಮರುದಿನ ಓಣಿಗೆ ಓಣಿಯೇ ನಮ್ಮ ಮಾಳಿಗೆ ಹತ್ತಿತು. ಸೋಫಾ ಬಂತು. ಒಬ್ಬರ ಮನೆಯ ಗೋಡೆ ಗಡಿಯಾರ, ಇನ್ನೊಬ್ಬರ ಮನೆಯ ತಲೆದಿಂಬಿನ ಕವರು ಬಂದವು. ಪಕ್ಕದ ಮನೆಯ ಟೇಲರ್ ಇಸ್ಮಾಯಿಲ್ ಸಾಹೇಬರು ತಮ್ಮ ಸಣ್ಣ ಫ್ರಿಜ್ಜನ್ನು ನನ್ನ ಜೊತೆ ಹಿಡಿದು ಮೇಲಕ್ಕೆ ತಂದರು. ಮೆಟ್ಟಿಲಿನ ತಿರುವಿನಲ್ಲಿ ಫ್ರಿಜ್ಜು, ಸಾಹೇಬರು, ನಾನು ಮೂವರೂ ಸಿಕ್ಕಿಕೊಂಡು ಸ್ವಲ್ಪ ಹೊತ್ತು ದೇಶದ ವಿದ್ಯಮಾನ ಮಾತಾಡಿದೆವು. ಕೊನೆಗೆ ನಾನು ಶಹಾಬಾದ್ ಕಲ್ಲಿನ ತಣ್ಣನೆಯ ನೆಲದ ಮೇಲೆ ಬೆನ್ನು ಚಾಚಿ ಮಲಗಿ, ಮೂಲೆಯಿಂದ ಮೊಬೈಲು ಹಿಡಿದೆ. ಹಾಗೆ ಹಿಡಿದರೆ ಕೋಣೆ ದೊಡ್ಡದಾಗಿ ಕಾಣುತ್ತದೆಂಬುದು ನನ್ನ ವಿದ್ಯೆ. ಪ್ಲಾಸ್ಟಿಕ್ ಫಳಫಳ ಹೊಳೆದು ಫೋಟೋ ಹಾಳಾಗುತ್ತಿತ್ತು. ತೆಗೆಯೋಣವೇ ಎಂದು ಕೇಳಿದ್ದಕ್ಕೆ ಗುರುಬಾಯಿ, "ಮದುವ್ಯಾಗ ತೆಗ್ದಿಲ್ಲ, ನಿಮ್ಮ ಫೋಟೋಕ್ಕ ತೆಗೀಲೇನ್ರಿ ಮಾಸ್ತರ?" ಎಂದು ಗಟ್ಟಿಯಾಗಿ ಕುಳಿತರು. ಸಾಹೇಬರು ಫ್ರಿಜ್ಜಿನ ಬಾಗಿಲು ತೆಗೆದು ಒಳಗಿನ ದೀಪವೂ ಬರಲಿ ಎಂದರು. ಅಂತೂ ಫೋಟೋ ಬಂದವು. ನಮ್ಮ ಕೋಣೆ ಯಾರೋ ಇಂಜಿನಿಯರರ ಬಂಗಲೆಯ ಹಾಗೆ ಕಂಡಿತು. ಸಂಜೆಯ ಹೊತ್ತಿಗೆ ಸಾಮಾನೆಲ್ಲ ಅವರವರ ಮನೆ ಸೇರಿತು.

ಆಮೇಲೆ ಗುರುಬಾಯಿ ನನ್ನನ್ನು ಕಂಡಲ್ಲೆಲ್ಲ, "ಏನಂದ್ರಿ? ಒಪ್ಪಿಗಿ ಬಂತೇನ್ರಿ?" ಎಂದು ಕೇಳತೊಡಗಿದರು. ಸೋಫಾದ ಕೀರ್ತಿಯ ಪ್ರಶ್ನೆ ನೋಡಿ. ಒಂದು ದಿನ ಬುಕಿಂಗ್ ಬಂದೇಬಿಟ್ಟಿತು. ದಾವಣಗೆರೆಯ ಎಳೆವಯಸ್ಸಿನ ಗಂಡ ಹೆಂಡತಿ, ಜೊತೆಗೆ ಹುಡುಗನ ತಾಯಿ. ಎರಡು ದಿನ ಇರುತ್ತಾರಂತೆ. ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಎಲ್ಲರಿಗೂ ಹೇಳಿದೆ. ಹೇಳಿ ಕುಳಿತ ಮೇಲೆ ಇನ್ನೊಂದು ಹೊಳೆಯಿತು. ಫೋಟೋ ನೋಡಿ ಬರುವವರಿಗೆ ಫೋಟೋದಲ್ಲಿದ್ದದ್ದು ಬೇಡವೇ? ಸೋಫಾ ಎಲ್ಲಿ ಎಂದರೆ ಎದುರು ಮನೆಯ ಕಡೆ ಕೈ ತೋರಿಸಲೇ?

ಸೋಫಾ ಎರಡು ದಿನ ಬೇಕೆಂದು ಹೋಗಿ ಹೇಳಿದಾಗ ಗುರುಬಾಯಿ ಗಲ್ಲಕ್ಕೆ ಕೈ ಇಟ್ಟುಕೊಂಡು ಕೇಳಿದರು: "ಎರಡ್ ದಿನಾ? ಹೆಣ್ಣು ನೋಡಲಿಕ್ಕೆ ಎರಡ್ ದಿನಾ ಯಾರ್ ತಗೋತಾರಪ್ಪಾ?" ಕಡೆಗೆ ಒಪ್ಪಿದರು. ಮಧ್ಯಾಹ್ನ ಊಟವಾದ ಮೇಲೆ ಸೊಂಟ ಚಾಚಲು ತಾವು ಸೋಫಾಕ್ಕೆ ಬರುವುದಾಗಿ ಮಾತ್ರ ಷರತ್ತು. ಇಸ್ಮಾಯಿಲ್ ಸಾಹೇಬರದ್ದೂ ಒಂದು ತಕರಾರು: "ಫ್ರಿಜ್ ಒಯ್ರಿ ಮಾಸ್ತರ್ ಸಾಬ. ಬೇಗಮ್ಮಂದು ಸಕ್ರಿ ಬ್ಯಾನಿ ಸೂಜಿ ಔಷಧ ಅದ್ರಾಗ ಇರ್ತದ. ಮುಂಜಾನಿ ಸಂಜಿಕ ಬಂದು ತಗೊಂಡ್ ಹೋಗ್ತೀನಿ, ಅಷ್ಟೇ." ಬೇರೆ ದಾರಿಯಿರಲಿಲ್ಲ. ಮತ್ತೆ ಮೆಟ್ಟಿಲಿನ ತಿರುವು, ಮತ್ತೆ ದೇಶದ ವಿದ್ಯಮಾನ.

ಅತಿಥಿಗಳು ಬಂದರು. ಒಳ್ಳೆಯ ಜನ. ಮೊದಲ ದಿನ ಸಂಜೆಯೇ ಸಾಹೇಬರು ಬಾಗಿಲು ತಟ್ಟಿ, ಸಲಾಮು ಮಾಡಿ, ನೇರ ಫ್ರಿಜ್ಜಿಗೆ ಹೋಗಿ, ಬೇಕಾದ್ದು ತೆಗೆದುಕೊಂಡು, ಸಲಾಮು ಮಾಡಿ ಹೋದರು. ಹುಡುಗ ಕೆಳಗಿಳಿದು ಬಂದು, "ಸರ್, ಇವರು ಯಾರು?" ಎಂದ. "ನಮ್ಮ ಕಡೆ ಹಾಗೇ, ಎಲ್ಲರೂ ಮನೆಯವರಿದ್ದಂತೆ" ಎಂದೆ. ಇಡೀ ತಾಲೂಕಿನ ಸಂಸ್ಕೃತಿಯನ್ನು ಒಂದು ಫ್ರಿಜ್ಜಿಗಾಗಿ ಬಳಸಿಕೊಂಡೆನಲ್ಲ ಎಂದು ನನಗೇ ಮುಜುಗರವಾಯಿತು. ಮರುದಿನ ಮಧ್ಯಾಹ್ನ ಗಂಡ ಹೆಂಡತಿ ಚಂದ್ರಂಪಳ್ಳಿಗೆ ಹೋದಾಗ ತಾಯಿ ಕಾಲು ನೋವೆಂದು ಕೋಣೆಯಲ್ಲೇ ಉಳಿದರು. ಗುರುಬಾಯಿ ಸೊಂಟ ಹಿಡಿದುಕೊಂಡು ಮೇಲೆ ಹೋದರು. ನಾನು ಮೆಟ್ಟಿಲಿನ ಬುಡದಲ್ಲಿ ಕಿವಿ ನಿಮಿರಿಸಿ ನಿಂತೆ.

"ಹ್ಯಾಂಗ ಅನಸ್ತು ಮನಿ? ಮನಸಿಗಿ ಬಂತೇನ್ರಿ?" ಎಂದು ಗುರುಬಾಯಿಯ ದನಿ.

"ಚೆನ್ನಾಗಿದೆ ಕಣಮ್ಮ. ಸೋಫಾ ತುಂಬ ಚೆನ್ನಾಗಿದೆ" ಎಂದರು ಆ ತಾಯಿ.

"ಅದು ನಂದ್ರಿ!" ಎಂದು ಗುರುಬಾಯಿ ಸಂತೋಷ ತಡೆಯಲಾರದೆ ಎಲ್ಲ ಬಿಚ್ಚಿಟ್ಟರು. ಫ್ರಿಜ್ಜು ಯಾರದ್ದು, ಗಡಿಯಾರ ಯಾರದ್ದು, ತಲೆದಿಂಬಿನ ಹೂವಿನ ಕವರು ಯಾರ ಮಗಳ ಕಸೂತಿ, ಯಾವುದನ್ನೂ ಬಿಡಲಿಲ್ಲ. ಸಿದ್ದಣ್ಣನ ತೊಗರಿಯೂ ಬಂತು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಕಣ್ಣ ಮುಂದೆ ಚೀಲದ ಮೇಲೆ ಚೀಲ ಏರತೊಡಗಿದವು. ಮೇಲಿನಿಂದ ಕೇಳಿಸಿದ್ದು ಆ ತಾಯಿಯ ದೊಡ್ಡ ನಗು. ಆಮೇಲೆ ಇಬ್ಬರೂ ಸೇರಿ ಬಹಳ ಹೊತ್ತು ನಕ್ಕರು. ಯಾಕೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅವರು ಹೋದ ಮೇಲೆ ಆ್ಯಪ್‌ನಲ್ಲಿ ಏನು ಬರೆಯುತ್ತಾರೋ ಎಂದು ಪರೀಕ್ಷೆಯ ಫಲಿತಾಂಶ ಕಾಯುವವನಂತೆ ಮೊಬೈಲು ಹಿಡಿದು ಕುಳಿತೆ. ಬಂತು. ನನಗೆ ಓದುವ ಧೈರ್ಯವಿಲ್ಲದೆ ಮಹಾದೇವಿಯ ಕೈಗೆ ಕೊಟ್ಟೆ. ಅವಳು ಗಟ್ಟಿಯಾಗಿ ಓದಿದಳು: "ಇಡೀ ಬೀದಿಯೇ ನಮ್ಮನ್ನು ನೋಡಿಕೊಂಡಿತು. ಫೋಟೋದಲ್ಲಿ ತೋರಿಸಿದ ಪ್ರತಿಯೊಂದು ವಸ್ತುವೂ ಇತ್ತು. ಮಾಲೀಕರು ಮಾತ್ರ ಫೋಟೋದಲ್ಲಿ ಇದ್ದಂತೆ ಇಲ್ಲ."

ಮನೆಯ ಮಾಲೀಕರದ್ದೂ ಒಂದು ಫೋಟೋ ಹಾಕಬೇಕೆಂದು ಆ್ಯಪ್‌ನವರು ಕೇಳಿದ್ದರು. ನಾನು ಹಾಕಿದ್ದೆ. ಸೇಡಂನ ಸ್ಟುಡಿಯೋದಲ್ಲಿ ಮದುವೆಗೆ ಮುಂಚೆ ತೆಗೆಸಿದ್ದು. ದಟ್ಟ ಕೂದಲು, ಕಡ್ಡಿಯಂಥ ಮೈ, ಸ್ಟುಡಿಯೋದವರೇ ಕೊಟ್ಟು ಮರಳಿ ಇಸಿದುಕೊಂಡ ಕೋಟು.

ಮಹಾದೇವಿ ಮೊದಲು ತಮ್ಮನಿಗೆ ಫೋನು ಮಾಡಿ, "ಕೋಣಿ ಸಿಗೂದಿಲ್ಲ, ತೊಗರಿ ಬ್ಯಾರೆ ಕಡಿ ಇಡು" ಎಂದಳು. ಆಮೇಲೆ ಕನ್ನಡಕ ಸರಿಪಡಿಸಿಕೊಂಡು ನನ್ನ ಆ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ, ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದಳು.

"ನಂಗೂ ಇದೇ ಫೋಟೋನೇ ತೋರಿಸಿದ್ರು" ಎಂದಳು. "ಅವರ ಪುಣ್ಯ, ಎರಡ್ ದಿನಕ್ಕ ಖಾಲಿ ಮಾಡಿ ಹೋದ್ರು."