ನಿಜಗುಣಪ್ಪ ಮಾಸ್ತರರ ಒಂದು ರನ್ನು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ, ಫ್ಲೆಕ್ಸಿನಲ್ಲಿ ಉಳಿದಿದ್ದ ಅಂಗೈಯಗಲ ಖಾಲಿ ಜಾಗ. ಬೈಲಹೊಂಗಲದ ವ್ಯಾಯಾಮ ಶಿಕ್ಷಕ ನಿಜಗುಣಪ್ಪ ಮಾಸ್ತರರಿಗೆ ಅಂದು ಸಂಜೆ ನಿವೃತ್ತಿ ಸತ್ಕಾರ. ಹರೆಯದಲ್ಲಿ ಅವರು ಭಾರತದ ಬೇಸ್‌ಬಾಲ್ ತಂಡದೊಂದಿಗೆ ಮನಿಲಾಕ್ಕೆ ಹೋಗಿ ಆಡಿ ಬಂದವರು. ಸತ್ಕಾರ ಸಮಿತಿಯ ಅಧ್ಯಕ್ಷ, ಅವರ ಹಳೆಯ ಶಿಷ್ಯ, ಗೊಬ್ಬರದಂಗಡಿ ಸಂಗಪ್ಪ ಆ ಜಾಗ ತುಂಬಿಸಲು ಬೆಳಿಗ್ಗೆಯೇ ಮನೆಗೆ ಬಂದ.

“ಸರ, ಇಂಡಿಯಾ ಪರವಾಗಿ ಒಟ್ಟು ಎಷ್ಟು ರನ್ ಹೊಡದ್ರಿ?”

“ಒಂದು,” ಎಂದರು ಮಾಸ್ತರರು ಎದೆಯುಬ್ಬಿಸಿ.

ಸಂಗಪ್ಪ ಚಹಾದ ಬಸಿ ಕೆಳಗಿಟ್ಟ. ಯಾರೋ ತೀರಿಕೊಂಡ ಸುದ್ದಿ ಕೇಳಿದವನಂತೆ ಲೊಚಗುಟ್ಟಿದ.

“ಇದು ಕ್ರಿಕೆಟ್ ಅಲ್ಲಪಾ. ಮೂರು ಮೂಲಿಗಿ ಇಟ್ಟ ಮೂರೂ ಬೇಸ್ ಮುಟ್ಟಿ, ಸುತ್ತು ಹಾಕಿ, ಹೊಡದ ಜಾಗಾಕ್ಕ ವಾಪಸ್ ಬಂದ್ರ ಒಂದು ರನ್. ನಾಲ್ಕು ಮ್ಯಾಚಿನ್ಯಾಗ ಇಡೀ ಟೀಮ್ ಮಾಡಿದ್ದ ಒಂದು. ಮಾಡಿದಾಂವ ನಾನು.”

“ಮ್ಯಾಚ್ ಏನಾದ್ವುರಿ?”

“ನಾಲ್ಕೂ ಸೋತ್ವಿ.”

ಪಕ್ಕದ ಮನೆಯ ನಾಗರತ್ನಾ ಗೋಡೆಯಾಚೆಯಿಂದಲೇ ಸಮಾಧಾನ ಹೇಳಿದಳು: “ಹೋಗ್ಲಿ ಬಿಡ್ರಿ ಸರ. ನಮ್ಮ ಅಪ್ಪು ಗಲ್ಲಿಯೊಳಗ ದಿನಾ ಮೂವತ್ತು ಹೊಡೀತಾನ, ಅಂವಗ ಯಾರಾದ್ರೂ ಸತ್ಕಾರ ಮಾಡ್ಯಾರೇನ್ರಿ?”

ಮೂವತ್ತೈದು ವರ್ಷದ ನೌಕರಿಯಲ್ಲಿ ಮಾಸ್ತರರಿಗೆ ಬಡ್ತಿ ಸಿಕ್ಕಿರಲಿಲ್ಲ, ಶಾಲೆಗೆ ಮೈದಾನ ಸಿಕ್ಕಿರಲಿಲ್ಲ. ಆ ಒಂದು ರನ್ನು ಮಾತ್ರ ಅವರದಾಗಿತ್ತು. ಬೇಸರವಾದಾಗಲೆಲ್ಲ ಮನಸ್ಸಿನಲ್ಲೇ ಅದನ್ನು ಇನ್ನೊಮ್ಮೆ ಓಡಿ ಬರುತ್ತಿದ್ದರು.

ಮಧ್ಯಾಹ್ನ ಪರಶುವಿನ ಫ್ಲೆಕ್ಸ್ ಅಂಗಡಿಗೆ ಹೋಗಿ ನೋಡಿದರೆ, ಪ್ಯಾಡ್ ಕಟ್ಟಿದ ಯಾವನೋ ಕ್ರಿಕೆಟಿಗನ ಮೈಗೆ ಅವರ ಮುಖ ಅಂಟಿಸಿದ್ದಾರೆ. ಕೆಳಗೆ ‘ಭಾರತಕ್ಕೆ 100 ರನ್ ತಂದ ಶತಕವೀರ’ ಎಂದು ಬರೆದಿದೆ.

“ಇದೇನೋ ಪರಶು?”

“ಸಂಗಪ್ಪಣ್ಣಾರು ಎರಡು ಸೊನ್ನಿ ಕೂಡಸು ಅಂದ್ರಿ. ನಿಮ್ಮ ಒಂದು ಹಂಗ ಐತ್ರಿ ಸರ, ಅದನ್ನ ಮುಟ್ಟಿಲ್ಲರಿ.”

ಮಾಸ್ತರರು ನಿಂತು ಸೊನ್ನೆಗಳಿಗೆ ಕರಿ ಪಟ್ಟಿ ಹಚ್ಚಿಸಿದರು. ಸಂಜೆ ಸಭಾಭವನಕ್ಕೆ ಬಂದಾಗ ಸಂಗಪ್ಪ ಆ ಪಟ್ಟಿ ಕಿತ್ತು ಒಗೆದಿದ್ದ.

“ಊರ ಮರ್ಯಾದಿ ಪ್ರಶ್ನೆ ಐತಿ ಸರ. ಮುಖ್ಯ ಅತಿಥಿ ಅಂತ ನಿಮ್ಮ ಟೀಮಿನ ಮ್ಯಾನೇಜರ್ ವೆಂಕಣ್ಣನವರನ್ನ ರಾಮದುರ್ಗದಿಂದ ಕರಿಸೇವಿ. ಅವರ ಮುಂದ ಒಂದು ಅಂತ ಹೆಂಗ ಹಾಕೂದು?”

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. ಕಣ್ಣಾರೆ ಕಂಡ ಸಾಕ್ಷಿಯೇ ಬಂದ ಮೇಲೆ ಇನ್ನೇನು ಬೇಕು?

ಸತ್ಕಾರವಾಯಿತು. ಶಾಲು ಹೊದಿಸಿದರು, ತಲೆಗೆ ರುಮಾಲು ಸುತ್ತಿದರು. ಸಂಗಪ್ಪ ಭಾಷಣದಲ್ಲಿ ನೂರು ರನ್ನನ್ನು ಒಂದೊಂದಾಗಿ ಹೊಡೆದ. ಚಪ್ಪಾಳೆ ನಿಲ್ಲುವ ಮೊದಲೇ ಮಾಸ್ತರರು ಎದ್ದರು. ಕಿವಿಗೆ ಜಾರಿದ ರುಮಾಲಿನಲ್ಲೇ ಹೋಗಿ, ಹೊದ್ದ ಶಾಲು ತೆಗೆದು ಫ್ಲೆಕ್ಸಿನ ಎರಡೂ ಸೊನ್ನೆ ಮುಚ್ಚುವಂತೆ ಹಿಡಿದು, ಇನ್ನೊಂದು ಕೈಯಲ್ಲಿ ಮೈಕು ತೆಗೆದುಕೊಂಡರು.

“ನೂರು ಅನ್ನೂದು ಸುಳ್ಳು. ನಾ ಮಾಡಿದ್ದು ಒಂದ ರನ್. ಆದ್ರ ಅದು ಖರೇ ರನ್. ಬೇಕಾರ ಮ್ಯಾನೇಜರ್ ಸಾಹೇಬರನ್ನ ಕೇಳ್ರಿ.”

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಮಾಸ್ತರರ ಕಣ್ಣು ತುಂಬಿ ಬಂತು.

ಎಂಬತ್ತರ ವೆಂಕಣ್ಣನವರು ಮೆಲ್ಲಗೆ ಎದ್ದು ಮೈಕು ಹಿಡಿದರು.

“ಖರೇ ಮಾತಾಡೋದು ನಿಜಗುಣಪ್ಪನ್ನ ನೋಡಿ ಕಲೀಬೇಕು. ನಾನೂ ಇಷ್ಟು ವರ್ಷ ಒಂದು ಮಾತು ಮುಚ್ಚಿಟ್ಟೇನಿ. ಆವತ್ತು ಇಂವ ಓಡೋ ಭರದಾಗ ಮೂರನೇ ಬೇಸ್ ಮುಟ್ಟಲಿಲ್ಲ. ಅಂಪೈರ್ ರನ್ ರದ್ದು ಮಾಡಿದ. ಅಷ್ಟೊತ್ತಿಗೆ ಇಂವ ಹುಡುಗರ ಹೆಗಲ ಮ್ಯಾಲೆ ಕುಂತು ಕುಣೀಲಿಕ್ಕೆ ಹತ್ತಿದ್ದ. ಹೇಳ್ಲಿಕ್ಕೆ ನನಗ ಬಾಯಿ ಬರಲಿಲ್ಲ. ಯಾರೂ ಹೇಳಬ್ಯಾಡ್ರಿ ಅಂದೆ. ದಾಖಲೆಯೊಳಗ ನಾಲ್ಕೂ ಮ್ಯಾಚಿಗೆ ನಮ್ಮದು ಸೊನ್ನೀನ ಅದ.”

ಮಾಸ್ತರರ ಕೈಯಿಂದ ಶಾಲು ಜಾರಿತು. ಸೊನ್ನೆಗಳೆರಡೂ ಮತ್ತೆ ಕಾಣಿಸಿಕೊಂಡವು.

ಸಂಗಪ್ಪ ಅವರನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿದ. ನೀರು ಕೊಟ್ಟ. ಆಮೇಲೆ ಕಿವಿಯ ಹತ್ತಿರ ಬಾಗಿ ಮೆತ್ತಗೆ ಅಂದ: “ನನ್ನ ಮಾತು ಕೇಳಿದ್ರ ಆಗ್ತಿತ್ತಲ್ರಿ ಸರ. ನೂರು ಇಟ್ಟಿದ್ರ ಈಗ ಒಂದು ಹೋಗಿ ತೊಂಬತ್ತೊಂಬತ್ತಾದ್ರೂ ಉಳೀತಿದ್ವು.”